ಅಕ್ಕ ಕೊಟ್ಟ ಬ್ಯಾಗು

ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ಒಂದು ದಿಕ್ಸೂಚಿ ಇತ್ತು. ಒಳಗೆ ಬರುವವರು ಯಾರೇ ಆಗಲಿ, ಕೈಯಲ್ಲಿದ್ದದ್ದನ್ನೆಲ್ಲ ಅದರ ಮುಂದೆ ಹಿಡಿಯಬೇಕು. ಮುಳ್ಳು ಅಲುಗಿದರೆ ಆ ವಸ್ತು ಹೊರಗೆ. ಆ ನಿಯಮ ಮಾಡಿದವಳು ನಾನು, ಕಾವಲು ನಿಂತವಳೂ ನಾನೇ. ಒಮ್ಮೆ ಕಂಪನಿಯ ಮಾಲೀಕರನ್ನೇ ತಡೆದು ಕೊರಳಲ್ಲಿದ್ದ ಇಯರ್‌ಫೋನ್ ತೆಗೆಸಿದ್ದೆ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಮುಳ್ಳಮ್ಮ ಅನ್ನುತ್ತಿದ್ದರು. ಅನ್ನಲಿ ಬಿಡಿ, ನನಗೇನು?

ಅಷ್ಟು ಭಯ ಯಾಕೆಂದರೆ ನಾವು ಮಾಡುತ್ತಿದ್ದ ಮೆಮೊರಿ ಚಿಪ್ ಅಂಥದ್ದು. ಈಗ ನಿಮ್ಮ ಫೋನಿನಲ್ಲಿ, ಪೆನ್‌ಡ್ರೈವಿನಲ್ಲಿ ಇರುವುದು ಫ್ಲ್ಯಾಶ್. ಅದರಲ್ಲಿ ವಿದ್ಯುತ್ತನ್ನು ಪುಟ್ಟ ಪುಟ್ಟ ಕೋಣೆಗಳಲ್ಲಿ ಕೂಡಿಹಾಕುತ್ತಾರೆ. ಬರೆದು ಅಳಿಸಿ, ಬರೆದು ಅಳಿಸಿ ಆ ಕೋಣೆಗಳ ಗೋಡೆಗಳೇ ಸವೆದುಹೋಗುತ್ತವೆ. ನಮ್ಮದರಲ್ಲಿ ಕೂಡಿಹಾಕುವ ಗೋಜೇ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಅಯಸ್ಕಾಂತಗಳು. ಮುಖ ಈ ಕಡೆ ಇದ್ದರೆ ಸೊನ್ನೆ, ಆ ಕಡೆ ತಿರುಗಿದರೆ ಒಂದು. ಎಷ್ಟು ಬರೆದರೂ ಸವೆಯುವುದಿಲ್ಲ, ಕರೆಂಟ್ ಹೋದರೂ ಮರೆಯುವುದಿಲ್ಲ. ಹೊರಗಿನ ಬಲವಾದ ಅಯಸ್ಕಾಂತ ಮೈಗೆ ತಾಗಿ ಕೂತರೆ ಮಾತ್ರ ಅದರ ತಲೆ ಕೆಡುತ್ತದೆ. ಅದಕ್ಕೊಂದು ಕವಚ ಹಾಕುವ ಕೆಲಸ ಇನ್ನೂ ಬಾಕಿ ಇತ್ತು.

ಅಕ್ಕ ಅದೇ ಕಂಪನಿಯ ಫ್ಲ್ಯಾಶ್ ವಿಭಾಗದಲ್ಲಿ ಮೇಲ್ವಿಚಾರಕಿ. ಅಮ್ಮ ತೀರಿಕೊಂಡಾಗ ನಾನಿನ್ನೂ ಶಾಲೆಯಲ್ಲಿದ್ದೆ. ಅಕ್ಕ ಓದು ಬಿಟ್ಟು ಆ ಕೆಲಸಕ್ಕೆ ಸೇರಿದಳು, ನನ್ನನ್ನು ಓದಿಸಿದಳು, ಮದುವೆಯಾದ ಮೇಲೂ ಜೊತೆಗೇ ಇಟ್ಟುಕೊಂಡಳು. ಇದನ್ನೆಲ್ಲ ನಾನೇ ಹೇಳಬೇಕು, ಅವಳ ಬಾಯಿಂದ ಒಂದು ದಿನವೂ ಬಂದದ್ದಿಲ್ಲ. ಅವಳು ಬೈಯುತ್ತಿದ್ದದ್ದು ನನ್ನ ಚಿಪ್ಪನ್ನು ಮಾತ್ರ.

"ನಮ್ಮದು ಸವೆಯುತ್ತೆ, ಒಪ್ಕೋತೀನಿ. ಆದರೆ ಹೇಳಿ ಕೇಳಿ ಸವೆಯುತ್ತೆ. ನಿಮ್ಮದು ಹೇಳದೆ ಕೇಳದೆ ಮರೆತುಬಿಡುತ್ತೆ," ಅನ್ನುತ್ತಿದ್ದಳು.

"ಅಜ್ಜಿ ಕಾಲದ ಸಾಮಾನು ಇಟ್ಕೊಂಡು ಎಷ್ಟು ಜಂಬ ನೋಡು!" ಅನ್ನುತ್ತಿದ್ದೆ ನಾನು.

ವ್ಯಾನ್ ಓಡಿಸುವ ಭಾವ ನಮ್ಮಿಬ್ಬರ ನಡುವೆ ಕೂತು ತಟ್ಟೆ ಖಾಲಿ ಮಾಡುತ್ತಿದ್ದರು. "ನಿಮ್ಮಿಬ್ಬರ ಚಿಪ್ ಏನಾದ್ರೂ ಮಾಡ್ಕೊಳ್ಳಿ. ನನ್ನ ತಲೇಲಿ ಯಾವುದೂ ನಿಲ್ಲಲ್ಲ, ನನಗೆ ಯಾವುದು ಹಾಕ್ತೀರ ಅದು ಹೇಳಿ," ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದೆವು.

ನಗು ನಿಂತದ್ದು ಕಂಪನಿಯ ಕೈ ಬಿಗಿಯಾದ ಮೇಲೆ. ಎರಡು ವಿಭಾಗ ನಡೆಸುವುದು ಇನ್ನು ಆಗದು, ಒಂದೇ ಉಳಿಯುವುದು ಎಂದು ಮೇಲಿನವರು ಹೇಳಿಬಿಟ್ಟರು. ಆಸ್ಪತ್ರೆಗಳಿಗೆ ಔಷಧಿ ಹನಿಸುವ ಪಂಪ್ ಮಾಡುವ ದೊಡ್ಡ ಸಂಸ್ಥೆಯೊಂದು ನಮ್ಮ ಚಿಪ್ ನೋಡಲು ಒಪ್ಪಿತ್ತು. ಅವರು ಕೊಂಡರೆ ನಾವು ಉಳಿದೆವು, ಫ್ಲ್ಯಾಶ್‌ನವರು ಮನೆಗೆ. ಕೊಳ್ಳದಿದ್ದರೆ ನಮ್ಮ ಬಾಗಿಲಿಗೆ ಬೀಗ.

ಆ ಸುದ್ದಿ ಬಂದ ಸಂಜೆ ಊಟಕ್ಕೆ ಕೂತಾಗ ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಅಕ್ಕನ ಮುಖ ಸಪ್ಪಗಿತ್ತು. ಅದನ್ನು ನೋಡಿ ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡೇ ಹೇಳಿದೆ, "ಯಾಕಕ್ಕ ಹಂಗೆ ಕೂತಿದ್ದೀಯ? ಕೆಲಸ ಹೋದ್ರೆ ಹೋಗ್ಲಿ ಬಿಡು. ಆರಾಮಾಗಿ ಮನೇಲಿರು, ನಾನು ಊಟ ಹಾಕ್ತೀನಿ."

ಭಾವ ನಗಲಿಲ್ಲ. ಅಕ್ಕ ಎದ್ದು ಪಾತ್ರೆ ತೊಳೆಯಲು ಹೋದಳು.

ಚಿಪ್ ತೋರಿಸುವ ದಿನ ಬೆಳಿಗ್ಗೆ ಅಕ್ಕ ಒಂದು ಹೊಸ ಬ್ಯಾಗು ತಂದು ನನ್ನ ಮುಂದಿಟ್ಟಳು. ಕಂದು ಬಣ್ಣದ ಚರ್ಮ, ಹೊರಗಡೆ ಒಂದು ಜೇಬು, ಅದಕ್ಕೊಂದು ಮುಚ್ಚಳ. "ಆ ಹರಕಲು ಚೀಲ ಹಿಡ್ಕೊಂಡು ದೊಡ್ಡವರ ಮುಂದೆ ಹೋಗ್ಬೇಡ," ಅಂದಳು. ಇಷ್ಟು ದಿನ ಮಾತಿಲ್ಲ ಕತೆಯಿಲ್ಲ ಇದ್ದವಳು ಬ್ಯಾಗು ತಂದುಕೊಟ್ಟಳಲ್ಲ, ಎಷ್ಟಾದರೂ ಅಕ್ಕ ಅಕ್ಕನೇ ಅಂದುಕೊಂಡು ತಬ್ಬಿಕೊಂಡೆ. ಅವಳು ಕೈ ಎತ್ತಿ ನನ್ನ ಬೆನ್ನು ತಟ್ಟಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂದಳು.

ಅವತ್ತು ನಾನು ಪ್ರಯೋಗಾಲಯದೊಳಗೆ ಹೋಗಲೇ ಇಲ್ಲ. ನಮ್ಮ ಮುಖ್ಯಸ್ಥರು ಚಿಪ್‌ಗಳ ಪೆಟ್ಟಿಗೆ ಹಿಡಿದು ಗೇಟಿನ ಹೊರಗೇ ಕಾರಿನಲ್ಲಿ ಕಾಯುತ್ತಿದ್ದರು. ಅವರಿಗೆ ನಾವಿಟ್ಟ ಹೆಸರು ಆಯ್ತಪ್ಪ. ಯಾರು ಏನೇ ಕೇಳಿದರೂ "ಆಯ್ತಪ್ಪ, ಆಯ್ತು" ಅನ್ನುವ ಮನುಷ್ಯ. ಪೆಟ್ಟಿಗೆ ಅಂಗೈಯಗಲದ್ದು. ಹೊಸ ಬ್ಯಾಗಿನ ಹೊರ ಜೇಬಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಮುಚ್ಚಳ ಹಾಕಿದೆ. ಟಕ್ ಎಂದಿತು. ಎಷ್ಟು ಚೆಂದದ ಸದ್ದು ಅಂದುಕೊಂಡು ದಾರಿಯುದ್ದಕ್ಕೂ ತೆಗೆದು ಹಾಕಿ, ತೆಗೆದು ಹಾಕಿ ಆಟವಾಡಿದೆ. ಮಾಮೂಲಿ ಪ್ರೆಸ್ ಬಟನ್ ಅಂದುಕೊಂಡಿದ್ದೆ, ಬೆಪ್ಪು ಮುಂಡೇದು ನಾನು. ಊರವರ ಬಳೆ, ಉಂಗುರ ಎಲ್ಲ ತಡಕಿದವಳಿಗೆ ತನ್ನ ತೊಡೆಯ ಮೇಲಿದ್ದದ್ದು ಕಾಣಲಿಲ್ಲ.

ಪಂಪ್ ಸಂಸ್ಥೆಯ ಹಿರಿಯ ಇಂಜಿನಿಯರ್ ನರೆಗೂದಲಿನ ಹೆಂಗಸು, ಮಾತು ಕಡಿಮೆ. ಹಿಂದಿನ ವಾರ ಆಕೆಯೇ ನಮ್ಮಲ್ಲಿಗೆ ಬಂದು ತನ್ನ ಮಾಹಿತಿಯನ್ನು ಚಿಪ್‌ಗಳಲ್ಲಿ ಬರೆಸಿ ಹೋಗಿದ್ದರು. ಈಗ ಅದು ಹಾಗೇ ಇದೆಯೇ ಎಂದು ಓದಿ ನೋಡಬೇಕು, ಅಷ್ಟೇ ಪರೀಕ್ಷೆ. ಸರಿ ಇದ್ದರೆ ಪರದೆಯ ಮೇಲೆ ಹಸಿರು ಸಾಲು, ತಪ್ಪಿದರೆ ಕೆಂಪು. ಮೊದಲ ಚಿಪ್ ಕೆಂಪು. ಎರಡನೆಯದೂ ಕೆಂಪು. ಪೆಟ್ಟಿಗೆಯ ತಳದಲ್ಲಿದ್ದ ಕೆಲವು ಮಾತ್ರ ಹಸಿರು ತೋರಿಸಿದವು.

"ಕರೆಂಟ್ ಹೋದ ಹೊತ್ತಿಗೆ ರೋಗಿಗೆ ಎಷ್ಟು ಔಷಧಿ ಹೋಗಿತ್ತು ಅನ್ನೋದನ್ನ ಇದು ನೆನಪಿಟ್ಕೊಬೇಕು," ಅಂದರು ಆಕೆ. "ನಿಮ್ಮ ಆಫೀಸಿಂದ ನಮ್ಮ ಆಫೀಸಿಗೆ ಬರೋಷ್ಟರಲ್ಲಿ ಮರೆತಿದೆಯಲ್ಲ."

ಆಯ್ತಪ್ಪ ನನ್ನ ಮುಖ ನೋಡಿದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಬರುವಾಗ ಕಾರಿನಲ್ಲಿ ನಾನು ಬ್ಯಾಗಿನ ಮುಚ್ಚಳವನ್ನೂ ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಿಗೆ ಬಂದಾಗ ಜೊತೆಯವನೊಬ್ಬ ನನ್ನನ್ನು ನಗಿಸಲೆಂದು, "ಮೇಡಂ, ನಮ್ಮದೆಲ್ಲ ನೋಡ್ತೀರಲ್ಲ, ಇವತ್ತು ನಿಮ್ಮದೂ ತೋರಿಸಿ," ಅಂದ. ತೋರಿಸಿದೆ. ದಿಕ್ಸೂಚಿಯ ಮುಳ್ಳು ಗಿರ್ರನೆ ತಿರುಗಿ ಬ್ಯಾಗಿನ ಹೊರ ಜೇಬಿನ ಕಡೆ ನಿಂತುಬಿಟ್ಟಿತು. ನಾನು ಬ್ಯಾಗನ್ನು ಆಚೆ ಒಯ್ದೆ, ಈಚೆ ತಂದೆ. ಎಲ್ಲಿ ಹೋದರೂ ಮುಳ್ಳು ಹಿಂದೆಯೇ ಬಂತು. ಆ ಹುಡುಗ ನಗು ನುಂಗಿಕೊಂಡು ಒಳಗೆ ಹೋದ.

ಓಡಿಹೋಗಿ ಆಯ್ತಪ್ಪನಿಗೆ ಹೇಳಿದೆ. "ಸಾರ್, ತಪ್ಪು ಚಿಪ್ಪಿನದ್ದಲ್ಲ! ಬ್ಯಾಗಿನ ಗುಂಡೀಲಿ ಅಯಸ್ಕಾಂತ ಇತ್ತು. ಆಕೆಗೆ ಫೋನ್ ಮಾಡಿ ಹೇಳೋಣ, ಇನ್ನೊಂದು ಸಲ ಕೇಳೋಣ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಏನಂತ ಹೇಳ್ಲಮ್ಮ? ಬ್ಯಾಗಿನ ಗುಂಡಿಯಿಂದ ಅಳಿಸಿಹೋಯ್ತು ಅಂತಲಾ? ಆಸ್ಪತ್ರೇಲಿ ನರ್ಸ್ ಹತ್ರ ಬ್ಯಾಗ್ ಇರಲ್ವಾ? ನೋಡೋಕೆ ಬಂದೋರ ಹತ್ರ ಇರಲ್ವಾ?"

"ಕವಚ ಹಾಕ್ತೀವಿ ಸಾರ್. ಒಂದು ವರ್ಷ ಕೊಡಿ, ಸಾಕು."

"ಆಗಲ್ಲಮ್ಮ," ಅಂದರು. ಆ ಮನುಷ್ಯನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಅಷ್ಟು ವರ್ಷದ ಕೆಲಸ ಮಣ್ಣುಪಾಲಾಯಿತು. ಸೋತದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ಇನ್ನೊಂದು. ಅಯಸ್ಕಾಂತ ತಾಗಿದರೆ ನಮ್ಮ ಚಿಪ್ ಕೆಡುತ್ತದೆ ಎಂದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಅಕ್ಕನಿಗೆ ಗೊತ್ತು. ನಮ್ಮ ಬಾಗಿಲ ದಿಕ್ಸೂಚಿಯ ಬಗ್ಗೆ ನನ್ನನ್ನು ಅಣಕಿಸಿದವಳೇ ಅವಳು.

ಮನೆಗೆ ಬಂದಾಗ ಅಕ್ಕ ಭಾವನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಬ್ಯಾಗನ್ನು ಮಡಿಸಿಟ್ಟ ಬಟ್ಟೆಯ ಮೇಲೆಯೇ ಎಸೆದೆ.

"ಇದರಲ್ಲಿ ಅಯಸ್ಕಾಂತ ಇದೆ ಅಂತ ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಅನ್ನಬಾರದೇ ಎಂದು ಒಳಗೊಳಗೇ ಬೇಡಿಕೊಂಡೆ. ಸುಳ್ಳಾದರೂ ಸರಿ, ನಂಬುತ್ತಿದ್ದೆ.

"ಗೊತ್ತಿತ್ತು," ಅಂದಳು. ಇಸ್ತ್ರಿ ನಿಲ್ಲಿಸಲಿಲ್ಲ. "ಅಂಗಡೀಲೇ ಗೊತ್ತಾಯ್ತು. ಮನೆ ಬೀಗದ ಕೈ ಅದಕ್ಕೆ ಅಂಟ್ಕೊಳ್ತು. ಬೇರೆ ತಗೊಳ್ಳೋಣ ಅನ್ಕೊಂಡೆ."

"ಮತ್ತೆ ಯಾಕೆ ತಗೊಳ್ಳಲಿಲ್ಲ?"

"ನೀನು ಬಾಗಿಲಲ್ಲೇ ಹಿಡೀತೀಯ ಅನ್ಕೊಂಡೆ. ಎಲ್ಲರದ್ದೂ ನೋಡ್ತೀಯಲ್ಲ."

"ಹಿಡೀದೆ ಹೋದ್ರೆ?"

ಆಗ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಹಿಡೀದೆ ಹೋದ್ರೆ ನನ್ನ ಕೆಲಸ ಉಳಿಯುತ್ತೆ. ಹಾಗೂ ಅನ್ಕೊಂಡೆ."

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಹೊಟ್ಟೆಕಿಚ್ಚಿನವಳು ಅಂದೆ, ಬೆನ್ನಿಗೆ ಚೂರಿ ಹಾಕಿದೆ ಅಂದೆ, ನೀನು ಅಕ್ಕನೇ ಅಲ್ಲ ಅಂದೆ. ಅವಳು ನನ್ನ ಉಸಿರು ಮುಗಿದ ಮೇಲೆ ಮೆಲ್ಲಗೆ ಕೇಳಿದಳು.

"ಅವತ್ತು ಊಟ ಹಾಕ್ತೀನಿ ಅಂದೆಯಲ್ಲ. ಇಷ್ಟು ವರ್ಷ ನಾನು ನಿನಗೆ ಊಟ ಹಾಕಿದ್ದೀನಿ. ಒಂದು ದಿನ ಆದ್ರೂ ಹಾಗಂತ ನಿನ್ನ ಮುಖಕ್ಕೆ ಅಂದಿದ್ದೀನಾ?"

ನನಗೆ ಕಣ್ಣಲ್ಲಿ ನೀರು ಬಂತು, ಅದೂ ಸಿಟ್ಟಿನದ್ದೇ. ತಪ್ಪು ನನ್ನದು ಅಂತ ಬಾಯಿಬಿಟ್ಟು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತೋ ಗೊತ್ತಿಲ್ಲ. ಹೇಳಲಿಲ್ಲ. ಅವಳೂ ಹೇಳಲಿಲ್ಲ. ಭಾವ ಬಾಗಿಲಲ್ಲಿ ಬಂದು ನಿಂತು, ಇಬ್ಬರ ಮುಖವನ್ನೂ ನೋಡಿ, ಚಪ್ಪಲಿ ಮೆಟ್ಟಿಕೊಂಡು ಮತ್ತೆ ಹೊರಗೆ ಹೋದರು.

ನಮ್ಮ ಪ್ರಯೋಗಾಲಯಕ್ಕೆ ಬೀಗ ಬಿತ್ತು. ದಿಕ್ಸೂಚಿಯನ್ನು ಯಾರು ಒಯ್ದರೋ. ಆಯ್ತಪ್ಪ ಬೇರೆ ಕಡೆ ಹೋದರು. ನನ್ನನ್ನು ಫ್ಲ್ಯಾಶ್ ವಿಭಾಗಕ್ಕೆ ಹಾಕಿದರು, ಅಕ್ಕನ ಕೈಕೆಳಗೆ. ದಿನವಿಡೀ ಬರೆದು ಅಳಿಸಿ, ಬರೆದು ಅಳಿಸಿ, ಚಿಪ್ ಎಷ್ಟು ಸವೆಯಿತು ಎಂದು ನೋಡುವ ಕೆಲಸ. ಇಲ್ಲಿನ ಬಾಗಿಲಲ್ಲಿ ಯಾರೂ ಯಾರ ಕೈಯನ್ನೂ ನೋಡುವುದಿಲ್ಲ, ಏನನ್ನು ಬೇಕಾದರೂ ತರಬಹುದು. ಅಕ್ಕ ನನಗೆ ಕೆಲಸ ಹೇಳಿಕೊಡುತ್ತಾಳೆ, ತಪ್ಪಿದರೆ ತಿದ್ದುತ್ತಾಳೆ, ಎಲ್ಲರ ಮುಂದೆ ಒಂದು ಗಡಸು ಮಾತೂ ಆಡುವುದಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

"ಆ ಬ್ಯಾಗ್ ಬಿಸಾಕು, ಬೇರೆ ಕೊಡಿಸ್ತೀನಿ," ಅಂದಳು ಒಮ್ಮೆ.

"ಯಾಕೆ? ಚೆನ್ನಾಗೇ ಇದೆಯಲ್ಲ," ಅಂದೆ.

ಈಗಲೂ ದಿನಾ ಅದನ್ನೇ ಹಿಡಿದು ಹೋಗುತ್ತೇನೆ. ಬೆಳಿಗ್ಗೆ ನನ್ನ ಊಟದ ಡಬ್ಬಿಯನ್ನು ಅಕ್ಕನೇ ತುಂಬುತ್ತಾಳೆ, ಅಕ್ಕನೇ ತಂದು ಹೊರ ಜೇಬಿನಲ್ಲಿಡುತ್ತಾಳೆ. ಮುಚ್ಚಳ ಮಾತ್ರ ಮುಚ್ಚುವುದಿಲ್ಲ. ಅದನ್ನು ನಾನೇ ಮುಚ್ಚುತ್ತೇನೆ, ಟಕ್ ಎಂದು ಅವಳಿಗೆ ಕೇಳಿಸುವ ಹಾಗೆ.