ಎಲ್ಲದಕ್ಕೂ ಮೂರನೇ ಸೊನ್ನೆ

ಭಾನುಪ್ರಿಯಳಂಥ ದಡ್ಡಿ ಇಡೀ ಚನ್ನಪಟ್ಟಣ ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ. ಲೆಕ್ಕದಲ್ಲಲ್ಲ ಸ್ವಾಮಿ, ಲೆಕ್ಕದಲ್ಲಿ ಹುಡುಗಿ ಭಲೇ ಚುರುಕು. ನಂಬುವುದರಲ್ಲಿ ದಡ್ಡಿ.

ಊರಿನ ಶಾಲೆಯಲ್ಲಿದ್ದದ್ದು ಐದನೇ ಕ್ಲಾಸಿನವರೆಗೆ. ಐದನೆಯದರಲ್ಲಿ ಇಬ್ಬರೇ, ಭಾನು ಮತ್ತು ದಿವ್ಯ. ಕೂರುವುದು ಒಂದೇ ಬೆಂಚಿನಲ್ಲಿ, ಬಿಸಿಯೂಟದ ಮೊಟ್ಟೆಯಲ್ಲಿ ಬಿಳಿ ಇವಳಿಗೆ, ಹಳದಿ ಅವಳಿಗೆ. ಆರನೇ ಕ್ಲಾಸಿಗೆ ಬಸ್ಸು ಹತ್ತಿ ಪೇಟೆಯ ದೊಡ್ಡ ಶಾಲೆಗೆ ಹೋಗಬೇಕು. ಅಲ್ಲಿ ಆರುನೂರು ಮಕ್ಕಳಂತೆ! ಒಬ್ಬಳೇ ಹೋಗುವುದೆಂದರೆ ಭಾನುವಿಗೆ ಬಲು ಹೆದರಿಕೆ. ದಿವ್ಯ ಜೊತೆಗಿದ್ದರೆ ಸೈ.

ಅಷ್ಟರಲ್ಲಿ ಯೋಗಾನಂದ ಮೇಷ್ಟ್ರು ಇಬ್ಬರಿಂದಲೂ ವಸತಿ ಶಾಲೆಯ ಪರೀಕ್ಷೆಗೆ ಅರ್ಜಿ ಹಾಕಿಸಿದರು. ಪ್ರತಿ ಪ್ರಶ್ನೆಯ ಮುಂದೆ ನಾಲ್ಕು ಸೊನ್ನೆ, ಸರಿಯುತ್ತರದ ಸೊನ್ನೆಯನ್ನು ಪೆನ್ನಿನಿಂದ ತುಂಬಬೇಕು. ಪಾಸಾದವರು ದೂರದ ಹಾಸ್ಟೆಲ್ಲಿಗೆ, ಫೇಲಾದವರು ಪೇಟೆಗೆ.

"ಒಬ್ಳು ಪಾಸಾಗಿ ಇನ್ನೊಬ್ಳು ಫೇಲಾದ್ರೆ?" ಎಂದಳು ಭಾನು.

"ಇಬ್ರೂ ಫೇಲಾಗ್ಬುಡವ ಕಣೆ. ಎಲ್ಲಾದ್ಕೂ ಮೂರನೇ ಸೊನ್ನೆನೇ ತುಂಬವ," ಎಂದವಳು ದಿವ್ಯ. ಕೆಂಗಲ್ ಆಂಜನೇಯನ ಮೇಲೆ ಆಣೆ ಇಡಿಸಿದವಳೂ ಅವಳೇ.

ಪರೀಕ್ಷೆಯ ದಿನ ಭಾನುವಿಗೆ ಮುಕ್ಕಾಲು ಪಾಲು ಉತ್ತರ ಗೊತ್ತಿತ್ತು. ಕೈ ತುರಿಸುತ್ತಿತ್ತು. ಆದರೂ ನೂರಕ್ಕೆ ನೂರು ಪ್ರಶ್ನೆಗೂ ಮೂರನೇ ಸೊನ್ನೆಯನ್ನೇ ಕಪ್ಪು ಮಾಡಿ ಎದ್ದು ಬಂದಳು. ದೇವರ ಆಣೆ ಅಂದರೆ ಹುಡುಗಾಟವೇ?

ಪಟ್ಟಿ ಬಂತು. ದಿವ್ಯ ಪಾಸು.

"ನಿನ್ನ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದೆನಮ್ಮಾ," ಎಂದು ಮೇಷ್ಟ್ರು ಮುಖ ತಿರುಗಿಸಿದರು. ಅಪ್ಪ ದೇವರಾಜು ಬೈಯಲಿಲ್ಲ. "ಓಗ್ಲಿ ಬುಡು ಮಗ, ಎಲ್ರ ತಲೆನೂ ಒಂದೇ ಥರ ಇರಕಿಲ್ಲ," ಎಂದ. ಬೈದಿದ್ದರೇ ವಾಸಿಯಿತ್ತು. ನಡೆದದ್ದನ್ನು ಹೇಗೆ ಹೇಳುವುದು?

ಶಾಲೆ ಶುರುವಾದ ದಿನ ಬಸ್ ಸ್ಟಾಪಿನಲ್ಲಿ ದಿವ್ಯ ಹೊಸ ಟ್ರಂಕಿನ ಪಕ್ಕ ನಿಂತಿದ್ದಳು. ಭಾನುವಿಗೆ ತಡೆಯಲಾಗಲಿಲ್ಲ.

"ಆಣೆ ಇಡ್ಸಿದೋಳು ನೀನೇ ಅಲ್ವೇನೆ? ಯಾಕೆ ಮೋಸ ಮಾಡ್ದೆ?"

ದಿವ್ಯ ನಿಜಕ್ಕೂ ಬೆಪ್ಪಾಗಿ ನೋಡಿದಳು. "ನೀನೂ ಸರಿಯಾಗೇ ಬರೀತೀಯ ಅನ್ಕಂಡಿದ್ದೆ ಕಣೆ. ಅಯ್ಯೋ, ಯಾರಾದ್ರೂ ನಿಜ್ವಾಗ್ಲೂ ಹಂಗ್ ಮಾಡ್ತಾರಾ?"

ಪೇಟೆಯ ಶಾಲೆಯಲ್ಲಿ ಭಾನುವಿಗೆ ಮೂರನೇ ಬೆಂಚು ಸಿಕ್ಕಿತು. ಪಕ್ಕದಲ್ಲಿದ್ದ ರಹೀಮಾ ಎಂಬ ಹುಡುಗಿ ಸರಿದು ಜಾಗ ಕೊಟ್ಟಳು.

"ಇವತ್ತಿಂದ ನಾವಿಬ್ರೂ ಫ್ರೆಂಡ್ಸ್, ಪ್ರಾಮಿಸ್?" ಎಂದು ನಗುತ್ತಾ ಕೈ ಚಾಚಿದಳು.

ಭಾನು ಆ ಕೈಯನ್ನೇ ನೋಡಿದಳು. ಆಮೇಲೆ ಇಬ್ಬರ ನಡುವೆ ತನ್ನ ಬ್ಯಾಗು ಇಟ್ಟು ಕೂತಳು.