ಕ್ಲಚ್ಚಿನ ಕಾಲು

ಕುಂತೂರಿನ ಸುತ್ತಮುತ್ತ ಶಾಂತರಾಜುವಿನ ಎಡಗಾಲಿಗೆ ಇದ್ದ ಮರ್ಯಾದೆ ಶಾಂತರಾಜುವಿಗೇ ಇರಲಿಲ್ಲ. ಅದು ಒದ್ದ ಚೆಂಡಿಗೆ ಅಡ್ಡ ನಿಲ್ಲುವ ಧೈರ್ಯ ಯಾವ ಗೋಲ್‌ಕೀಪರ್‌ಗೂ ಇರಲಿಲ್ಲ. ಹಾಗಂತ ಅವನೇನು ಸಾಮು ಮಾಡಿ ಸಂಪಾದಿಸಿದ ಬಲವಲ್ಲ ಅದು. ಅವನು ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಕಾರ್ಖಾನೆ ಗೇಟಿನ ಮುಂದಿನ ಸಾಲಿನಲ್ಲಿ ಕ್ಲಚ್ ಒತ್ತಿ, ಒಂದು ಮಾರು ಮುಂದೆ ಹೋಗಿ, ನಿಂತು, ಮತ್ತೆ ಒತ್ತಿ, ಹೀಗೆ ವರ್ಷಗಟ್ಟಲೆ ಒತ್ತಿ ಒತ್ತಿ ಎಡತೊಡೆ ಒನಕೆಯಾಗಿತ್ತು. ಬಲಗಾಲು ಪಾಪ, ಅವನು ಬೀಳದಂತೆ ನೋಡಿಕೊಳ್ಳುವುದಕ್ಕೆ ಮಾತ್ರ ಇತ್ತು.

ಅವನಿಗಿದ್ದದ್ದು ಒಂದೇ ಆಸೆ: ಫೈನಲ್ ಆಡಬೇಕು. ಹೋದ ವರ್ಷ ಕೊಳ್ಳೇಗಾಲದ ಮೈದಾನದಲ್ಲಿ ಅವನ ತಂಡ ಫೈನಲ್ ಆಡುತ್ತಿದ್ದಾಗ ಅವನು ಲೋಡಿನ ಸಮೇತ ಅದೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದ. ಈ ವರ್ಷ ಹನೂರಿನವರ ಮೇಲೆ ಫೈನಲ್. ತಂಡದಲ್ಲಿ ಹೆಸರಿಗೆ ಮಾತ್ರ ಇದ್ದು ಎಂದೂ ಆಡದ ಡ್ರೈವರ್ ಮುರುಗೇಶನಿಗೆ ಭಾನುವಾರದ ಟ್ರ್ಯಾಕ್ಟರ್ ವಹಿಸಿ, ಶಾಂತರಾಜು ನೆಮ್ಮದಿಯಾಗಿದ್ದ.

ಆಗ ಯಳಂದೂರಿನಿಂದ ಫಿಸಿಯೋಥೆರಪಿಸ್ಟ್ ಕವಿತ ಬಂದರು. ಹೋದ ವರ್ಷ ಇಬ್ಬರ ತೊಡೆಯ ಸ್ನಾಯು ಹರಿದದ್ದರಿಂದ, ಅವರು ಬೇಡವೆಂದರೆ ಆಡಿಸುವುದಿಲ್ಲ ಎಂದು ಕ್ಯಾಪ್ಟನ್ ಮೊದಲೇ ಹೇಳಿಬಿಟ್ಟಿದ್ದ. ಕವಿತ ಒಬ್ಬೊಬ್ಬರನ್ನೂ ಒಂದೊಂದೇ ಕಾಲಿನಲ್ಲಿ ನೆಗೆಸಿದರು. ಎಡಗಾಲಿನಲ್ಲಿ ಶಾಂತರಾಜು ಜಿಂಕೆ. ಬಲಗಾಲಿನಲ್ಲಿ ನೆಗೆದು, ಬಿದ್ದು, ಎದ್ದು ನೋಡಿದರೆ, ಹೆಚ್ಚುಕಮ್ಮಿ ಇದ್ದಲ್ಲೇ ಇದ್ದ.

"ಶಾಂತರಾಜಣ್ಣ, ಎರಡು ಕಾಲಿಗೂ ಇಷ್ಟೊಂದು ವ್ಯತ್ಯಾಸ ಇದ್ರೆ ಓಡೋವಾಗ ಬಲತೊಡೆ ಹಿಂದಿನ ಸ್ನಾಯು ಹರಿದುಹೋಗುತ್ತೆ. ಕುರ್ಚಿ ಮೇಲೆ ಕೂತು ಬರೀ ಬಲಗಾಲಲ್ಲಿ ನಿಧಾನಕ್ಕೆ ಏಳಿ, ಕೂರಿ. ದಿನಾ ಸ್ವಲ್ಪ ಸ್ವಲ್ಪ. ಒಂದೆರಡು ತಿಂಗಳು ಹಿಡಿಯುತ್ತೆ."

"ಫೈನಲ್ಲು ಈ ಬಾನುವಾರ ಕಣ್ ಮೇಡಮ್!"

ಅವನ ಮುಖ ನೋಡಲಾರದೆ ಅವರು, "ಶನಿವಾರ ಇನ್ನೊಂದ್ಸಲ ನೋಡೋಣ" ಎಂದರು.

ಶಾಂತರಾಜು ಲೆಕ್ಕ ಹಾಕಿದ. ಕುರ್ಚಿಯಿಂದ ಎರಡು ತಿಂಗಳಿಗೆ ಬರುವ ಬಲ, ಬೆಟ್ಟದಿಂದ ಒಂದೇ ದಿನಕ್ಕೆ ಯಾಕೆ ಬರಬಾರದು? ಅವನ ತಲೆಯೂ ಅವನ ಬಲಗಾಲಿನಂಥದ್ದೇ. ಶುಕ್ರವಾರ ಬೆಳಿಗ್ಗೆಯೇ ಮಹದೇಶ್ವರ ಬೆಟ್ಟದ ಮೆಟ್ಟಿಲ ಬುಡಕ್ಕೆ ಹೋಗಿ, ಎಡಗಾಲು ಮಡಚಿ ಕುಂಟತೊಡಗಿದ. ಸ್ವಲ್ಪ ದೂರಕ್ಕೇ ಪ್ರಾಣ ಬಾಯಿಗೆ ಬಂತು. ಇನ್ನೇನು ಎಡಗಾಲು ಊರಬೇಕು, ಹಿಂದಿನಿಂದ ಒಂದು ಕೂಗು ಬಂತು.

"ಊರ್ಬ್ಯಾಡ ಕಣ್ಲಾ ಮಗಾ! ಅರಕೆ ಮುರ್ದೋಯ್ತದೆ!"

ಹನೂರು ಕಡೆಯ ಮುದುಕಿ ಪುಟ್ಟಬಸಮ್ಮ, ಜೊತೆಗೆ ಅವಳ ಊರವರೆಲ್ಲ ಬೆಟ್ಟ ಹತ್ತುತ್ತಿದ್ದರು.

"ಅರಕೆ ಅಲ್ಲ ಕಣವ್ವಾ, ಬಲ್ಗಾಲ್ಗೆ ಸಕ್ತಿ ಬರ್ಲಿ ಅಂತ..."

"ಅದ್ನೇ ಅಲ್ವಾ ಅರಕೆ ಅನ್ನದು?"

ಇಬ್ಬರು ಗಂಡಸರು ಬಂದು ರಟ್ಟೆ ಹಿಡಿದರು. ಯಾರೋ ಹಣೆಗೆ ವಿಭೂತಿ ಬಳಿದರು. "ಉಘೇ ಮಾದಪ್ಪ" ಎಂದು ಅವನನ್ನು ಕುಂಟಿಸಿಕೊಂಡೇ ಮೇಲಕ್ಕೆ ಹೊರಟರು. ಕಾಲು ಊರಲು ನೋಡಿದಾಗೆಲ್ಲ ಮುದುಕಿ ಗದರುತ್ತಿದ್ದಳು. ಬೆಟ್ಟದ ಮೇಲೆ ಹೆಂಗಸರು ಸಾಲಾಗಿ ಬಂದು ಅವನ ಬಲಗಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಜನ್ಮದಲ್ಲಿ ಮೊದಲ ಸಲ ಆ ಕಾಲಿಗೆ ಮರ್ಯಾದೆ ಸಿಕ್ಕಿತ್ತು. ಆದರೆ ಅದನ್ನು ಅನುಭವಿಸಲು ಕಾಲಿನಲ್ಲಿ ಜೀವವೇ ಇರಲಿಲ್ಲ.

ಶನಿವಾರ ಕವಿತ "ನೆಗೀರಿ" ಎಂದರು. ಬಲಗಾಲು ನೆಲ ಬಿಟ್ಟು ಮೇಲೇಳಲಿಲ್ಲ. ಏನು ಮಾಡಿಕೊಂಡಿರಿ ಎಂದು ಕೇಳಿದಾಗ ಅವನು ಎಲ್ಲ ಹೇಳಿದ. ಅವರು ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡರು. ಆಮೇಲೆ ಅವನ ಕಣ್ಣಲ್ಲಿ ನೀರು ಕಂಡು ಅವನನ್ನೇ ಆ ಕುರ್ಚಿಯಲ್ಲಿ ಕೂರಿಸಿದರು.

"ನಿಧಾನ ಅಂದಿದ್ದೆ ಅಣ್ಣ. ನೋವು ಇಳಿದ ಮೇಲಾದ್ರೂ ನಿಧಾನಕ್ಕೆ ಮಾಡಿ."

ಶಾಂತರಾಜು ಇಲ್ಲವೆಂದರೆ ಆಡಬೇಕಾದವನು ಮುರುಗೇಶ. ಮುರುಗೇಶ ಆಡಿದರೆ ಟ್ರ್ಯಾಕ್ಟರಿಗೆ ಯಾರು?

ಹೀಗೆ ಭಾನುವಾರ ಶಾಂತರಾಜು ಮತ್ತೆ ಅದೇ ಸಾಲಿನಲ್ಲಿದ್ದ. ಮೈದಾನದಿಂದ ಕ್ಯಾಪ್ಟನ್ನಿನ ತಮ್ಮ ಫೋನಿನಲ್ಲಿ ಆಟ ಹೇಳುತ್ತಿದ್ದ. ಇದ್ದಕ್ಕಿದ್ದಂತೆ ಕಿವಿ ಕಿತ್ತುಹೋಗುವಂತೆ ಕಿರುಚಿದ.

"ಗೋಲ್ ಕಣ್ಲಾ! ಮುರುಗೇಸ ಒಡ್ದ! ಸುಮ್ನೆ ನಿಂತಿದ್ದ, ಬಾಲು ಬಂದು ಮೊಣಕಾಲ್ಗೆ ಬಡ್ದು ಒಳಿಕ್ಕೋಯ್ತು!"

ಶಾಂತರಾಜುವಿಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಫೋನು ಆರಿಸಿ ಜೇಬಿಗಿಟ್ಟ. ಮುಂದೆ ನೋಡಿದ, ಗೇಟು ಕಾಣದಷ್ಟು ದೂರಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ದಿನಾ ಸ್ವಲ್ಪ ಸ್ವಲ್ಪ, ನಿಧಾನಕ್ಕೆ. ಇದಕ್ಕಿಂತ ನಿಧಾನವಾದ್ದು ಪ್ರಪಂಚದಲ್ಲಿ ಇನ್ನೇನಿದೆ? ಅವನು ಎಡಗಾಲನ್ನು ಮಡಚಿ ಸೀಟಿನ ಮೇಲಿಟ್ಟ. ನೋಯುತ್ತಿದ್ದ ಬಲಗಾಲನ್ನು ಕೈಯಲ್ಲಿ ಎತ್ತಿ, ಅಡ್ಡಡ್ಡ ತಂದು, ಕ್ಲಚ್ಚಿನ ಮೇಲೆ ಇಟ್ಟು ಒತ್ತಿ, ಗಕ್ಕನೆ ಬಿಟ್ಟ. ಟ್ರ್ಯಾಕ್ಟರ್ ಒಮ್ಮೆ ಮುಗ್ಗರಿಸಿ, ನಾಲ್ಕು ಜಲ್ಲೆ ಕೆಳಗುದುರಿಸಿ ನಿಂತಿತು.

ಹಿಂದಿನ ಡ್ರೈವರ್ ತಲೆ ಹೊರಗೆ ಹಾಕಿದ. "ಯಾವನ್ಲಾ ಅವ್ನು? ಈಗ ಒಸ್ದಾಗಿ ಕಲೀತಾವ್ನಾ?"

"ಊ ಕಣಣ್ಣೋ," ಎಂದ ಶಾಂತರಾಜು, "ಬರೋ ವರ್ಸ ಫೈನಲ್ಲು ಅದೆ!"