ತಿಪ್ಪೆಯಿಂದ ಎತ್ತಿದ ಮಗು

ತಯೇಸಿ ಮಗ್ಗದ ಮುಂದೆ ಕೂತಿದ್ದರೂ ಕಣ್ಣೆಲ್ಲ ಎದುರು ಮನೆಯ ಅಂಗಳದಲ್ಲೇ. ಅಲ್ಲಿ ವಿಧವೆ ದಿದೂಮೆ ಮೂರು ವರ್ಷದ ಐರೇನೆಗೆ ಬೇಳೆಗಂಜಿ ಕುಡಿಸುತ್ತಿದ್ದಳು. "ಸಾಕಮ್ಮಾ" ಎಂದು ಮಗು ಮುಖ ತಿರುಗಿಸಿದಾಗಲೆಲ್ಲ ತಯೇಸಿಗೆ ಹೊಟ್ಟೆ ಉರಿಯುತ್ತಿತ್ತು. ಹೆತ್ತವಳು ತಾನು, ಅಮ್ಮ ಅನ್ನಿಸಿಕೊಳ್ಳುವವಳು ಅವಳು!

ಹೆಣ್ಣೆಂದು ತಿಳಿದ ದಿನವೇ ಅತ್ತೆ ಕೂಸನ್ನು ತಿಪ್ಪೆಗೆ ಹಾಕಿಸಿದ್ದಳು. ನೈಲ್ ದಂಡೆಯ ಆ ಊರಿನಲ್ಲಿ ಅದನ್ನು ಯಾರೂ ಪಾಪವೆನ್ನುತ್ತಿರಲಿಲ್ಲ. ಅಂಥ ಕೂಸುಗಳನ್ನು ಎತ್ತಿದವರು ಗುಲಾಮರಾಗಿ ದುಡಿಸುತ್ತಿದ್ದರು, ಮಾರುತ್ತಿದ್ದರು. ಮಕ್ಕಳಂತೆ ಸಾಕುತ್ತಿದ್ದವರು ದಿದೂಮೆಯಂಥ ಕ್ರೈಸ್ತ ಹೆಂಗಸರು. ಅವಳು ಆ ಕೂಸನ್ನು ಎತ್ತಿ ತಂದದ್ದನ್ನು ತಯೇಸಿ ಬಾಗಿಲ ಸಂದಿಯಿಂದ ನೋಡಿ ಕದ ಮುಚ್ಚಿಕೊಂಡಿದ್ದಳು.

"ಅಲ್ಲೇನೇ ನೋಡ್ತೀಯ?" ಅತ್ತೆ ಗದರಿದಳು. "ಮತ್ತೆ ಬಸುರಿ ಆಗಿದ್ದೀಯ. ಈ ಸಲಾನೂ ಹೆಣ್ಣಾದ್ರೆ ತಿಪ್ಪೆ ಎಲ್ಲೂ ಹೋಗಿಲ್ಲ. ನಮ್ಮತ್ತೆ ನನ್ನವು ಎರಡು ಹಾಕಿಸಿದ್ಲು. ನಾನೇನು ಸತ್ತೋದ್ನಾ?"

ಆ ವಾರವೇ ಚಕ್ರವರ್ತಿಯ ಆಜ್ಞೆ ಬಂತು. ಎಲ್ಲರೂ ದೇವರುಗಳಿಗೆ ಬಲಿ ಕೊಟ್ಟು, ಆ ಮಾಂಸ ತಿಂದು, ಅಧಿಕಾರಿಯಿಂದ ಚೀಟಿ ಪಡೆಯಬೇಕು. ದಿದೂಮೆ ಹೋಗಲಿಲ್ಲ; ಕ್ರೈಸ್ತಳಾದ ಅವಳಿಗೆ ದೇವರು ಒಬ್ಬನೇ. ಅವಳು ತೊಲಗಿದರೆ ಮಗು ತನ್ನದೇ ಎಂದುಕೊಂಡ ತಯೇಸಿ ತಾನೇ ಹೋಗಿ ಅಧಿಕಾರಿಗೆ ಚಾಡಿ ಹೇಳಿದಳು. ಹೊಟ್ಟೆಕಿಚ್ಚಿಗೆ ಅದಕ್ಕಿಂತ ಮುಂದಿನದು ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಸಿಪಾಯಿಗಳೊಂದಿಗೆ ಅಧಿಕಾರಿ ಬಂದ.

"ಬಲಿ ಕೊಡ್ತೀಯಾ?"

"ಇಲ್ಲಪ್ಪ," ಎಂದಳು ದಿದೂಮೆ.

"ಹಾಗಾದ್ರೆ ನೀನು ಸೆರೆಗೆ, ಮನೇಲಿರೋದೆಲ್ಲ ಹರಾಜಿಗೆ. ಈ ತಿಪ್ಪೆ ಕೂಸೂ ಸೇರಿ. ಹೆತ್ತವರು ಯಾರಾದ್ರೂ ಬಂದು ಕೇಳಿದ್ರೆ ಮಾತ್ರ ಅವರಿಗೆ ಬಿಡ್ತೀನಿ."

ತಯೇಸಿ ಮಗ್ಗ ಬಿಟ್ಟು ಬೀದಿಗೆ ಓಡಿ ಬಂದಳು. ದಿದೂಮೆ ಅವಳನ್ನೇ ನೋಡಿದಳು. "ಹೇಳು ತಂಗಿ. ಮಗು ನಿಂದೇ ಅಂತ ನಂಗೆ ಮೊದಲ ದಿನದಿಂದ ಗೊತ್ತು. ನೀನು ಒಂದು ಮಾತು ಕೇಳಿದ್ದಿದ್ರೆ ಅವತ್ತೇ ಕೊಡ್ತಿದ್ದೆ."

"ಬಾಯಿ ಬಿಟ್ಟೀಯ ಜೋಕೆ!" ಅತ್ತೆ ಸೆರಗು ಹಿಡಿದು ಎಳೆದಳು. "ಬೀದೀಲಿ ಮನೆ ಮಾನ ತೆಗೀಬೇಡ."

"ಹೆತ್ತವಳು ನಾನು," ತಯೇಸಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ತಿಪ್ಪೆಗೆ ಹಾಕಿದ್ದು ನಮ್ಮನೆಯವ್ರೇ. ಇನ್ಮೇಲೆ ಈ ಮಗು ನಮ್ಮನೆ ಒಳಗಿರುತ್ತೆ, ಅತ್ತೆ. ಹೊಟ್ಟೇಲಿರೋದು ಹೆಣ್ಣಾದ್ರೂ ಒಳಗೇ ಇರುತ್ತೆ. ಆಗಲ್ಲ ಅಂದ್ರೆ ನನ್ನೂ ತಿಪ್ಪೆಗೆ ಹಾಕಿ!"

ದಿದೂಮೆ ಸೆರೆಮನೆಯಲ್ಲಿ ಹತ್ತನೇ ದಿನ ಸತ್ತಳು. ತಯೇಸಿಗೆ ಎರಡನೆಯದೂ ಹೆಣ್ಣೇ ಆಯಿತು, ತೊಟ್ಟಿಲಲ್ಲೇ ಉಳಿಯಿತು. ಐರೇನೆ ಈಗ ಅವಳ ಮಗ್ಗುಲಲ್ಲೇ ಮಲಗುತ್ತಾಳೆ, ಅವಳ ಕೈಯಿಂದಲೇ ಉಣ್ಣುತ್ತಾಳೆ. ಆದರೆ ದಿನಾ ಒಂದೇ ಪ್ರಶ್ನೆ: "ಎದುರುಮನೆ ಚಿಕ್ಕಮ್ಮಾ, ನಮ್ಮಮ್ಮ ಯಾವಾಗ ಬರ್ತಾಳೆ?"